ಟಾಕೀಸ್ ಮುಚ್ಚಿದ ಮೇಲೆ ಅಳೋದು ಸುಲಭ

ಯಾವುದಾದ್ರೂ ಹಳೇ ಟಾಕೀಸ್ ಮುಚ್ಚಿದ್ರೆ ಸಾಕು, ನಾವೆಲ್ಲ ಶುರು ಹಚ್ಕೋತೀವಿ. ಅಯ್ಯೋ ಆ ಗಾಂಧಿ ಕ್ಲಾಸು, ಆ ಶಿಳ್ಳೆ, ಇಂಟರ್ವಲ್ಲಿನ ಬೋಂಡಾ... 1968ರಲ್ಲಿ ಶುರುವಾದ ಬೆಂಗಳೂರಿನ ಕಪಾಲಿ 2017ರಲ್ಲಿ ಹೋದಾಗ ಹೀಗೇ ಆಯ್ತು. 2020ರಲ್ಲಿ ಮೈಸೂರಿನ ಶಾಂತಲಾ ಮುಚ್ಚಿದಾಗಲೂ ಅಷ್ಟೇ. ನಾನೂ ಅತ್ತವನೇ ಬಿಡಿ. ಆದ್ರೆ ಕೊನೇ ಐದು ವರ್ಷದಲ್ಲಿ ಅಲ್ಲಿ ಎಷ್ಟು ಟಿಕೆಟ್ ತಗೊಂಡಿದ್ದೆ ಅಂತ ಕೇಳಿದ್ರೆ ನನ್ನ ಹತ್ರ ಉತ್ತರ ಇಲ್ಲ.

ನಮ್ಮೂರು ದೊಡ್ಡಬಳ್ಳಾಪುರ, ಮಗ್ಗಗಳ ಊರು. ಚಿಕ್ಕವನಿದ್ದಾಗ ಅಮ್ಮನ ಜೊತೆ 'ಮುಂಗಾರು ಮಳೆ' ನೋಡಿದ್ದು ಊರ ಟಾಕೀಸಲ್ಲೇ. ಹೋದ ವರ್ಷ ಅಲ್ಲಿಗೇ ಹೋಗೋಣ ಬಾಮ್ಮ ಅಂದೆ. "ಮೂರು ಗಂಟೆ ತಡ್ಕೊಂಡು ಕೂರಕ್ಕಾಗಲ್ಲ ಕಣೋ, ಅಲ್ಲಿನ ಬಾತ್ರೂಮಿಗೆ ಕಾಲಿಡಕ್ಕೂ ಆಗಲ್ಲ" ಅಂದ್ರು. ನನ್ನ ನಾಸ್ಟಾಲ್ಜಿಯಾ ಅಲ್ಲೇ ಠುಸ್!

ಟಾಕೀಸನ್ನ ಕೊಂದಿದ್ದು ಮೊಬೈಲು, ಓಟಿಟಿ ಅನ್ನೋದು ಅರ್ಧ ಸತ್ಯ. ಅದೇ ಜನ ಭಾನುವಾರ ಬೆಂಗಳೂರಿನ ಮಾಲಿಗೆ ಹೋಗಿ ನೂರಾರು ರೂಪಾಯಿ ಸುರಿದು ಬರ್ತಾರಲ್ಲ? ಹೆಂಗಸರು ಬರೋದು ನಿಂತ ದಿನವೇ ಊರ ಟಾಕೀಸ್ ಅರ್ಧ ಖಾಲಿಯಾಗಿತ್ತು.

ಮೊದಲಾದ್ರೆ ರೀಲಿನ ಪ್ರಿಂಟು ಬೆಂಗಳೂರಲ್ಲಿ ಓಡಿ ಸವೆದ ಮೇಲೆ ನಮ್ಮೂರಿಗೆ ಬರ್ತಿತ್ತು. ಡಿಜಿಟಲ್ ಬಂದ ಮೇಲೆ ಆ ನೆಪವೂ ಇಲ್ಲ, ಮೊದಲ ದಿನವೇ ಸಿನಿಮಾ ಸಿಗುತ್ತೆ. ಹಾಗಾಗಿ ಜೀರ್ಣೋದ್ಧಾರ ಅಂದ್ರೆ ಮುಂದುಗಡೆ ಬಣ್ಣ ಬಳಿಯೋದಲ್ಲ. ಸೋರದ ಛಾವಣಿ, ನೀರಿರೋ ಟಾಯ್ಲೆಟ್ಟು, ಮಂಕಾಗದ ಪ್ರೊಜೆಕ್ಟರು, ಮಾತು ಕೇಳಿಸೋ ಸ್ಪೀಕರು. ದೊಡ್ಡ ಹಾಲ್ ತುಂಬಲ್ಲ ಅಂದ್ರೆ ಇನ್ನೂರು ಸೀಟಿಗೆ ಇಳಿಸಲಿ.

ಓನರ್‌ಗಳನ್ನ ಬೈದೂ ಪ್ರಯೋಜನವಿಲ್ಲ. 2008ರಲ್ಲಿ ದೇವನಹಳ್ಳಿಗೆ ಏರ್‌ಪೋರ್ಟ್ ಬಂದ ಮೇಲೆ ಈ ಕಡೆ ಜಾಗದ ಬೆಲೆ ಎಲ್ಲಿಗೋ ಹೋಯ್ತು. ಖಾಲಿ ಹಾಲಿಗಿಂತ ಕಾಂಪ್ಲೆಕ್ಸ್ ಲಾಭ ಅನ್ನೋದು ಯಾರಿಗೂ ಗೊತ್ತಾಗೋ ಲೆಕ್ಕ.

ಸರ್ಕಾರ? 2025ರ ಸೆಪ್ಟೆಂಬರಿನಲ್ಲಿ ಟಿಕೆಟ್ಟಿಗೆ 200 ರೂ. ಮಿತಿ ಹಾಕ್ತು, ಹೈಕೋರ್ಟ್ ತಡೆ ಕೊಡ್ತು. ಅಷ್ಟು ರೇಟೇ ಇಲ್ಲದ ಊರ ಟಾಕೀಸಿಗೆ ಅದರಿಂದ ಏನು ಬಂತು? ಪಕ್ಕದ ಕೇರಳದಲ್ಲಿ ಸರ್ಕಾರದ ಚಲನಚಿತ್ರ ನಿಗಮ ಚೇರ್ತಲದಂಥ ಸಣ್ಣ ಊರಲ್ಲೂ ಥಿಯೇಟರ್ ನಡೆಸುತ್ತೆ. ನಮ್ಮಲ್ಲಿ ಕನಿಷ್ಠ ರಿಪೇರಿಗೆ ಸಾಲ ಕೊಡಲಿ. ಅದೇ ತಿಂಗಳು 100 ರೂ. ಒಳಗಿನ ಟಿಕೆಟ್ಟಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ. ಆ ಉಳಿತಾಯ ಮೊದಲು ಬಾತ್ರೂಮಿಗೆ ಹೋಗಲಿ.

ನಾವೂ ಅಷ್ಟೇ, ಶ್ರದ್ಧಾಂಜಲಿ ಬರೆಯೋಕೆ ಮುಂಚೆ ಒಂದ್ಸಲ ಊರ ಟಾಕೀಸಿಗೆ ಹೋಗಿ, ಟಿಕೆಟ್ ತಗೊಂಡು, ಏನು ಸರಿಯಿಲ್ಲ ಅಂತ ಮ್ಯಾನೇಜರಿಗೆ ಹೇಳಿ ಬರೋಣ. ನಾನು ಈ ಭಾನುವಾರ ಹೋಗ್ತಿದೀನಿ. ಅಮ್ಮ ಬರಲ್ಲ, ಇನ್ನೂ.

ನೀವೇನಂತೀರಾ?