ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ

ಮುಂಬಯಿಯ ನಮ್ಮ ಹೋಟೆಲು ಬಾಂಧವರು ನಾಲ್ವರು ಒಂದೆಡೆ ಸೇರಿದರೆ ಈಚೆಗೆ ಕೇಳಿಬರುವ ದೂರು ಒಂದಿದೆ. "ಈ ಮೈಕ್ರೋ ಬ್ರೂವರಿಗಳು ಬಂದು ನಮ್ಮ ಪರ್ಮಿಟ್ ರೂಮುಗಳ ಗಿರಾಕಿಯನ್ನು ಕಸಿದವು, ಸರಕಾರ ಇವುಗಳಿಗೆ ಮೂಗುದಾರ ಹಾಕಬೇಕು" ಎಂಬುದೇ ಆ ದೂರು. ದೂರಿನ ಹಿಂದಿರುವ ನೋವು ನಿಜ. ಆದರೆ ದೂರು ತಪ್ಪು ವಿಳಾಸಕ್ಕೆ ಹೋಗುತ್ತಿದೆ. ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೀರಿಸಿಕೊಳ್ಳುವುದರಿಂದ ಅತ್ತೆಯ ಗುಣವೇನೂ ಸುಧಾರಿಸುವುದಿಲ್ಲ.

ಇದು ಕುಡಿತದ ಪರವಾದ ವಕಾಲತ್ತಲ್ಲ. ಮದ್ಯವನ್ನು ಮುಟ್ಟದ ಮನೆಗಳೂ, ಅದರಿಂದ ನೊಂದ ಮನೆಗಳೂ ಈ ಪತ್ರಿಕೆಯ ಓದುಗರಲ್ಲಿ ಇವೆ. ಅವರ ಮಾತಿಗೆ ಗೌರವವಿದೆ. ಆದರೆ ಈ ನಗರದ ಕನ್ನಡ ಸಂಸಾರಗಳ ಅನ್ನದ ಲೆಕ್ಕ ಹಾಕುವಾಗ ಪರ್ಮಿಟ್ ರೂಮನ್ನು ಬಿಟ್ಟು ಲೆಕ್ಕ ಮುಗಿಯುವುದಿಲ್ಲ. ಕುಂದಾಪುರ, ಕಾರ್ಕಳ, ಉಡುಪಿಗಳ ಕಡೆಯಿಂದ ಬರಿಗೈಯಲ್ಲಿ ಬಂದು, ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಗಲ್ಲಾಪೆಟ್ಟಿಗೆಯವರೆಗೆ ಏರಿದವರು ಕಟ್ಟಿದ ಉದ್ಯಮ ಇದು. ಒಂದು ಪರ್ಮಿಟ್ ರೂಮಿಗೆ ಬೀಗ ಬಿದ್ದರೆ ಧಣಿಯೊಬ್ಬನ ಮನೆ ಮಾತ್ರ ಕಷ್ಟಕ್ಕೆ ಬೀಳುವುದಿಲ್ಲ; ಅಡುಗೆಯವ, ಸಪ್ಲೈಯರು, ಕ್ಯಾಶಿಯರು ಎಲ್ಲರ ಊರಮನೆಗೂ ತಿಂಗಳ ಹಣ ನಿಲ್ಲುತ್ತದೆ.

ಮೊದಲು 'ಪರ್ಮಿಟ್ ರೂಮ್' ಎಂಬ ಹಲಗೆಯನ್ನೇ ನೋಡೋಣ. 1949ರ ಮುಂಬಯಿ ಪಾನನಿರೋಧ ಕಾಯಿದೆಯ ಕೂಸು ಅದು. ಮುರಾರ್ಜಿ ದೇಸಾಯಿಯವರ ಕಾಲದ ಆ ಕಾಯಿದೆಯ ದೃಷ್ಟಿಯಲ್ಲಿ ಮದ್ಯಪಾನ ಮೂಲತಃ ಅಪರಾಧ. ಸರಕಾರದ ಚೀಟಿ ಹಿಡಿದವನಿಗೆ ಮಾತ್ರ ವಿನಾಯಿತಿ. ಅರವತ್ತು–ಎಪ್ಪತ್ತರ ದಶಕಗಳಲ್ಲಿ ನಿರ್ಬಂಧ ಸಡಿಲವಾಯಿತು. ಕಾಯಿದೆಯ ಹೆಸರಿನಲ್ಲಿ 'ಮುಂಬಯಿ' ಇದ್ದಲ್ಲಿ 'ಮಹಾರಾಷ್ಟ್ರ' ಬಂತು. ಆದರೆ ಹೊಟ್ಟೆಯೊಳಗಿನ ಸಂಶಯ ಹೋಗಲಿಲ್ಲ. ಮಾರುವವನು ಸಂಶಯಾಸ್ಪದ, ಕುಡಿಯುವವನು ಸಂಶಯಾಸ್ಪದ; ತೆರಿಗೆ ಮಾತ್ರ ಶುದ್ಧ! ಇಂಥ ಕಾಯಿದೆಯಡಿಯಲ್ಲಿ ನಮ್ಮವರು ಎಪ್ಪತ್ತು ವರ್ಷಕ್ಕೂ ಮಿಕ್ಕಿ ಬಾಳಿ ಬಂದಿದ್ದಾರೆ.

ಈ ನಡುವೆ 2009ರಲ್ಲಿ ಪುಣೆಯಲ್ಲಿ 'ಡೂಲಾಲಿ' ಎಂಬ ಮೈಕ್ರೋ ಬ್ರೂವರಿ ತೆರೆಯಿತು. ಕೆಲವು ವರ್ಷಗಳಲ್ಲಿ ಲೋವರ್ ಪರೇಲಿನ ಹಳೆಯ ಗಿರಣಿ ಆವರಣಗಳಿಗೂ, ಅಂಧೇರಿಗೂ ಇಂಥ ಅಂಗಡಿಗಳು ಬಂದವು. ಬಾರ್ಲಿಯ ಮಾಲ್ಟು, ಹಾಪ್ಸ್ ಹೂವು, ಯೀಸ್ಟು, ನೀರು, ಇಷ್ಟರಿಂದ ಅಲ್ಲೇ ಬಿಯರು ಕಾಸಿ, ಹುದುಗಿಸಿ, ತಾಜಾ ಇರುವಾಗಲೇ ಬಡಿಸುವುದು ಇವುಗಳ ಕ್ರಮ. ದೊಡ್ಡ ಕಾರಖಾನೆಯ ಬಾಟಲಿ ಬಿಯರಿನಂತೆ ಅದು ತಿಂಗಳುಗಟ್ಟಲೆ ಉಳಿಯುವುದಿಲ್ಲ. ಗಿರಣಿಯ ಕೂಲಿಕಾರ ಒಂದು ಕಾಲಕ್ಕೆ ಪಾಳಿ ಮುಗಿಸಿ ಹೊರಬರುತ್ತಿದ್ದ ಗೇಟಿನೊಳಗೆ ಈಗ ಹೊಳೆಯುವ ಉಕ್ಕಿನ ಟ್ಯಾಂಕುಗಳು ನಿಂತಿವೆ. 1982ರ ಮುಷ್ಕರದ ಬಳಿಕ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ, ಆ ಕೂಲಿಕಾರನಿಗೆ ಊಟ ಹಾಕುತ್ತಿದ್ದ ನಮ್ಮ ಹೋಟೆಲುಗಳೂ ಸೊರಗಿದವೆಂಬುದನ್ನು ಹಿರಿಯರು ಬಲ್ಲರು. ಆದ್ದರಿಂದ ಆ ಟ್ಯಾಂಕುಗಳನ್ನು ಕಂಡಾಗ ನಮ್ಮವರಿಗೆ ಹೊಟ್ಟೆ ಉರಿಯುವುದು ಸಹಜವೇ.

ನಮ್ಮವರ ವಾದದಲ್ಲಿ ಹುರುಳಿಲ್ಲವೆಂದಲ್ಲ. ಅವರು ಹೇಳುವುದಿಷ್ಟು: ನಾವು ಸಾಲ ಮಾಡಿ ಲೈಸೆನ್ಸು ಪಡೆದೆವು, ವರ್ಷ ವರ್ಷ ಶುಲ್ಕ ಕಟ್ಟಿದೆವು, ಇನ್ಸ್‌ಪೆಕ್ಟರನ ಮುಂದೆ ಕೈಕಟ್ಟಿ ನಿಂತೆವು. ಸಾವಿರ ಚದರಡಿಯ ನಮ್ಮ ಅಂಗಡಿಯಲ್ಲಿ ಟ್ಯಾಂಕು ಇಡಲು ಜಾಗವೆಲ್ಲಿ, ಬಂಡವಾಳವೆಲ್ಲಿ? ನಮ್ಮಲ್ಲಿ ಕುಳಿತವನು 'ಕುಡುಕ'; ಅಲ್ಲಿ ಕುಳಿತವನು 'ರಸಿಕ'! ಇದು ಪೂರಾ ಸತ್ಯ. ಪತ್ರಿಕೆಗಳೂ ಈ ಭೇದವನ್ನು ಮಾಡುತ್ತವೆ, ನಮ್ಮ ಕಾಲೇಜು ಓದಿದ ಮಕ್ಕಳೂ ಮಾಡುತ್ತಾರೆ. ಆದರೆ ಇದಕ್ಕೆ ಮದ್ದು ಅವನ ಬಾಗಿಲಿಗೆ ಬೀಗ ಜಡಿಸುವುದೇ?

ನಮ್ಮವರು ಮರೆತಂತಿರುವ ಒಂದು ಪ್ರಕರಣವನ್ನು ನೆನಪಿಸಬೇಕಾಗಿದೆ. 2005ರಲ್ಲಿ ಮಹಾರಾಷ್ಟ್ರ ಸರಕಾರ ಬಾರುಗಳಲ್ಲಿ ನೃತ್ಯವನ್ನು ನಿಷೇಧಿಸಿತು. ಮೂರು ನಕ್ಷತ್ರ ಮತ್ತು ಮೇಲ್ದರ್ಜೆಯ ಹೋಟೆಲುಗಳಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಸಾವಿರಾರು ಹೆಣ್ಣುಮಕ್ಕಳು ಕೆಲಸ ಕಳಕೊಂಡರು. ನೃತ್ಯದ ಬಾರು ಒಳ್ಳೆಯದೋ ಕೆಟ್ಟದೋ ಎಂಬ ಚರ್ಚೆ ಬೇರೆ. ನಮ್ಮ ಕರಾವಳಿಯವರು ಅನೇಕರು ಮುಂದಾಳುಗಳಾಗಿ ದುಡಿದ 'ಆಹಾರ್' ಸಂಘಟನೆ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಚಿಕ್ಕ ಬಾರಿನಲ್ಲಿ ನಡೆದರೆ ಅಶ್ಲೀಲವಾದದ್ದು ದೊಡ್ಡ ಹೋಟೆಲಿನ ರತ್ನಗಂಬಳಿಯ ಮೇಲೆ ನಡೆದರೆ ಸಭ್ಯವಾಗುವುದು ಹೇಗೆ ಎಂಬುದು ಆ ಜಗಳದ ತಿರುಳು. 2006ರಲ್ಲಿ ಮುಂಬಯಿ ಹೈಕೋರ್ಟು, 2013ರ ಜುಲೈಯಲ್ಲಿ ಸುಪ್ರೀಂ ಕೋರ್ಟು, ಎರಡೂ ಆ ಭೇದವನ್ನು ಒಪ್ಪಲಿಲ್ಲ. ಕಾಯಿದೆಯ ಮುಂದೆ ಎಲ್ಲರೂ ಸಮಾನರೆಂಬ ಸಂವಿಧಾನದ ಮಾತನ್ನು ಎತ್ತಿ ಹಿಡಿದವು.

ಎಂಟು ವರ್ಷ ಹೋರಾಡಿ ಗೆದ್ದ ಈ ತತ್ತ್ವವನ್ನು ಈಗ ನಾವೇ ಗಾಳಿಗೆ ತೂರುವುದೇ? ನಮಗೆ ಬೇಕಾದಾಗ ಸಮಾನತೆ, ಎದುರಂಗಡಿಯವನಿಗೆ ಮೂಗುದಾರ ಎಂಬ ನ್ಯಾಯ ಯಾವ ಕೋರ್ಟಿನಲ್ಲೂ ನಿಲ್ಲದು. ಮನಸ್ಸಾಕ್ಷಿಯ ಕೋರ್ಟಿನಲ್ಲಂತೂ ನಿಲ್ಲಲೇಬಾರದು.

ಹೊಸಬನಿಗೆ ಮೂಗುದಾರ ಹಾಕಿಸಿದ ಕಡೆ ಏನಾಯಿತೆಂಬುದಕ್ಕೆ ಹೊರದೇಶದ ನಿದರ್ಶನವೊಂದಿದೆ. ಅಮೆರಿಕದ ನ್ಯೂ ಜೆರ್ಸಿ ರಾಜ್ಯದಲ್ಲಿ 3,000 ಜನಸಂಖ್ಯೆಗೆ ಒಂದೇ ಬಾರ್ ಲೈಸೆನ್ಸು ಎಂಬ ಹಳೆಯ ಮಿತಿ ಇದೆ. ಹೀಗಾಗಿ ಲೈಸೆನ್ಸಿನ ಮಾರಾಟದ ಬೆಲೆ ಕೆಲವೆಡೆ ಹತ್ತು ಲಕ್ಷ ಡಾಲರನ್ನೂ ದಾಟಿತು. 2012ರಲ್ಲಿ ಅಲ್ಲಿನ ಸಣ್ಣ ಬ್ರೂವರಿಗಳಿಗೆ ತಮ್ಮಲ್ಲೇ ಬಿಯರು ಬಡಿಸಲು ಅನುಮತಿ ಸಿಕ್ಕಿತು. ದುಬಾರಿ ಲೈಸೆನ್ಸು ಕೊಂಡಿದ್ದ ಬಾರಿನವರು ಸಿಡಿದೆದ್ದರು. ಫಲವಾಗಿ, ಬ್ರೂವರಿಯವರು ಅಡುಗೆ ಮಾಡಿ ಬಡಿಸಕೂಡದು, ವರ್ಷಕ್ಕೆ 25ಕ್ಕಿಂತ ಹೆಚ್ಚು ಸಮಾರಂಭ ಏರ್ಪಡಿಸಕೂಡದು ಎಂಬಂಥ ಕಟ್ಟಳೆಗಳು 2022ರಲ್ಲಿ ಜಾರಿಯಾದವು. ಜನ ನಕ್ಕರು, ಬ್ರೂವರಿಯವರು ಕೋರ್ಟಿಗೆ ಹೋದರು, 2024ರ ಜನವರಿಯಲ್ಲಿ ಹೊಸ ಕಾನೂನು ಬಂದು ಆ ಸಂಕೋಲೆಗಳನ್ನು ಬಹುಮಟ್ಟಿಗೆ ಬಿಚ್ಚಿತು. ಲೈಸೆನ್ಸನ್ನು ಬಂಗಾರ ಮಾಡಿದ್ದು ಬ್ರೂವರಿಯಲ್ಲ, ಹಳೆಯ ಕಾಯಿದೆ. ಪೆಟ್ಟು ತಿಂದವನು ಮಾತ್ರ ನೆರೆಯವನು.

ಅಷ್ಟು ದೂರವೇಕೆ, ನಮ್ಮ ಬೆಂಗಳೂರನ್ನೇ ನೋಡಿ. 1992ರ ಬಳಿಕ ಕರ್ನಾಟಕ ಸರಕಾರ ಬಾರುಗಳಿಗೆ ಹೊಸ ಸಿ.ಎಲ್. 9 ಲೈಸೆನ್ಸು ಕೊಡುವುದನ್ನು ನಿಲ್ಲಿಸಿತು. ಕುಡಿತ ಕಡಿಮೆಯಾಯಿತೇ? ಇಲ್ಲ, ಇದ್ದ ಲೈಸೆನ್ಸುಗಳು ಕೋಟಿಗಳ ಲೆಕ್ಕದಲ್ಲಿ ಕೈ ಬದಲಾಯಿಸತೊಡಗಿದವು. 2025ರಲ್ಲಿ ಬಳಕೆಯಾಗದೆ ಉಳಿದ ಲೈಸೆನ್ಸುಗಳನ್ನು ಸರಕಾರವೇ ಹರಾಜಿಗಿಡಲು ಹೊರಟಿತು. ಊರಿಗೆ ಹಿಂತಿರುಗಿ ಚಿಕ್ಕದೊಂದು ಬಾರ್ ತೆರೆಯುವೆನೆಂಬ ಇಲ್ಲಿನ ಸಪ್ಲೈಯರನಿಗೆ ಆ ಹರಾಜಿನ ಕಟ್ಟೆ ಏರುವ ಶಕ್ತಿ ಎಲ್ಲಿಂದ ಬರಬೇಕು? ಮಿತಿಯಿಂದ ಬಚಾವಾಗುವವನು ಹಣವಂತ; ಮಿತಿಗೆ ಬಲಿಯಾಗುವವನು ನಿನ್ನೆ ರೈಲಿಳಿದವನು. ನಮ್ಮ ಹಿರಿಯರೂ ಒಂದು ದಿನ ರೈಲಿಳಿದವರೇ ಅಲ್ಲವೇ?

ಹಾಗಾದರೆ ನಮ್ಮ ಪರ್ಮಿಟ್ ರೂಮುಗಳ ಕತ್ತು ಹಿಸುಕುತ್ತಿರುವವರು ಯಾರು? ಅಂಕಿಗಳೇ ಉತ್ತರ ಹೇಳಲಿ. 2023ರ ನವೆಂಬರಿನಲ್ಲಿ ಮಹಾರಾಷ್ಟ್ರ ಸರಕಾರ ಪರ್ಮಿಟ್ ರೂಮಿನಲ್ಲಿ ಬಡಿಸುವ ಮದ್ಯದ ಮೇಲಿನ ವ್ಯಾಟನ್ನು ಶೇಕಡ 5ರಿಂದ 10ಕ್ಕೆ ಏರಿಸಿತು. 2025–26ಕ್ಕೆ ಲೈಸೆನ್ಸು ಶುಲ್ಕ ಶೇಕಡ 15 ಏರಿತು. 2025ರ ಜೂನಿನಲ್ಲಿ ವಿಸ್ಕಿ, ರಮ್ಮುಗಳಂಥ ಮದ್ಯದ ಅಬಕಾರಿ ಸುಂಕ ತಯಾರಿಕೆಯ ವೆಚ್ಚದ 3 ಪಟ್ಟಿನಿಂದ 4.5 ಪಟ್ಟಿಗೆ ಹಾರಿತು. 2025ರ ಜುಲೈ 14ರಂದು ರಾಜ್ಯದ ಬಾರುಗಳು ಬಾಗಿಲು ಮುಚ್ಚಿ ಪ್ರತಿಭಟಿಸಿದ್ದು ಇದೇ ಕಾರಣಕ್ಕೆ. ಈ ಮೂರರಲ್ಲಿ ಯಾವುದನ್ನು ಬ್ರೂವರಿಯವನು ಮಾಡಿದ?

ಬಿಯರಿಗೆ ಮಾತ್ರ ಆ ಸುಂಕದ ಏರಿಕೆ ತಟ್ಟಲಿಲ್ಲವೆಂದು ಕೆಲವರು ವಾದಿಸುತ್ತಾರೆ. ಸೌಮ್ಯ ಪೇಯಕ್ಕೆ ಕಡಿಮೆ ಸುಂಕ ಇರುವುದು ಅನ್ಯಾಯವಲ್ಲ, ವಿವೇಕ. ಅನ್ಯಾಯವಿರುವುದು ಬಡವನ ಪೆಗ್ಗು ಕೈಗೆ ಎಟುಕದಂತೆ ಮಾಡುವುದರಲ್ಲಿ. ಎಟುಕದಿದ್ದರೆ ಬಡವ ಎಲ್ಲಿಗೆ ಹೋಗುತ್ತಾನೆಂಬುದನ್ನು 2015ರ ಜೂನಿನಲ್ಲಿ ಮಾಲವಣಿ ತೋರಿಸಿಕೊಟ್ಟಿದೆ. ಕಳ್ಳಭಟ್ಟಿ ಕುಡಿದು ಅಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು.

ಇನ್ನೊಂದು ದಾರಿಯೂ ಉಂಟು. 2014ರಿಂದೀಚೆಗೆ ಡೊಂಬಿವಲಿಯ ಕಿರು ಬ್ರೂವರಿಯೊಂದರ ಬಿಯರು ಪೀಪಾಯಿಗಳಲ್ಲಿ ಮುಂಬಯಿಯ ಬಾರುಗಳಿಗೆ ಹೋದದ್ದುಂಟು. ಬೆಂಗಳೂರಿನಲ್ಲಿ ಕಿರು ಬ್ರೂವರಿಗಳು ಬಂದಾಗ ಬರೆದ ನಿಯಮದಂತೆ, ಕಾಸಿದಲ್ಲೇ ಕುಡಿಸಬೇಕಿತ್ತು. ಇಲ್ಲಿ ಆ ಕಟ್ಟು ಇರಲಿಲ್ಲ. ಟ್ಯಾಂಕಿಗೆ ಜಾಗವಿಲ್ಲದ ಚೆಂಬೂರಿನ ಪರ್ಮಿಟ್ ರೂಮು ಪೀಪಾಯಿಗೆ ಜಾಗ ಮಾಡಿಕೊಳ್ಳಲಾರದೇ? ಅವನಲ್ಲಿ ಬಿಯರಿದೆ, ನಮ್ಮಲ್ಲಿ ಅರ್ಧ ಶತಮಾನದ ಗಿರಾಕಿಯಿದ್ದಾನೆ, ನಮ್ಮ ಕೋರಿ ಸುಕ್ಕವಿದೆ. ವೈರಿಯೆಂದು ತಿಳಿದವನು ವ್ಯಾಪಾರದ ಜೊತೆಗಾರನಾಗಬಲ್ಲ. ಜೊತೆಯಾಗಿ ನಿಂತರೆ ಸರಕಾರವನ್ನು ಕೇಳುವ ದನಿಯೂ ಎರಡು ಪಟ್ಟಾಗುತ್ತದೆ.

ಏನನ್ನು ಕೇಳಬೇಕು? ಚಿಕ್ಕ ಅಂಗಡಿಗೆ ಚಿಕ್ಕ ಶುಲ್ಕ. ವಹಿವಾಟಿಗೆ ತಕ್ಕ ತೆರಿಗೆ. ಹೆಜ್ಜೆಗೊಂದು ಇಲಾಖೆಯ ಬದಲು ಒಂದೇ ಕಿಟಕಿ. ಅನುಮತಿಗೆ ಅರ್ಹತೆಯೇ ಆಧಾರ, ಅಭಾವವಲ್ಲ. ಕೇಳುವ ಮೊದಲು ನಮ್ಮ ಮನೆಯನ್ನೂ ಗುಡಿಸಿಕೊಳ್ಳಬೇಕು. ಅಳತೆಯಲ್ಲಿ ಪ್ರಾಮಾಣಿಕತೆ ಇರಲಿ. 21 ತುಂಬದವನಿಗೆ ಬಿಯರಿಲ್ಲ, 25 ತುಂಬದವನಿಗೆ ವಿಸ್ಕಿಯಿಲ್ಲ ಎಂಬ ನಿಯಮ ಪಾಲನೆಯಾಗಲಿ. ಊರಿಂದ ಬಂದ ಹುಡುಗನಿಗೆ ವಾರದ ರಜೆ, ಪ್ರಾವಿಡೆಂಟ್ ಫಂಡು, ಮಲಗಲು ಮನುಷ್ಯನಿಗೆ ತಕ್ಕ ಜಾಗ ಸಿಗಲಿ. ಒಳ್ಳೆಯ ಹುಡುಗರು ಬ್ರೂವರಿಯ ಕೆಲಸಕ್ಕೆ ಓಡುತ್ತಾರೆಂದು ಗೊಣಗುವ ಧಣಿಗಳು, ಅವರು ಏಕೆ ಓಡುತ್ತಾರೆಂದು ಒಮ್ಮೆ ಕೇಳಿನೋಡಲಿ.

ಕಾಯಿದೆಯ ಮುಂದೆ ಸಮಾನತೆ ಬೇಡಿ ಗೆದ್ದ ಜನ ನಾವು. ಎದುರಂಗಡಿಯವನಿಗೆ ಬೇಲಿ ಹಾಕಿರೆಂದು ಅದೇ ಕಾಯಿದೆಯ ಕಾಲು ಹಿಡಿಯುವುದು ನಮಗೆ ಶೋಭಿಸದು. ಇಂದು ಅವನ ಸುತ್ತ ಹಾಕಿಸಿದ ಬೇಲಿಯ ಗೂಟಗಳು ನಾಳೆ ನಮ್ಮ ಅಂಗಳದಲ್ಲೇ ಊರಿಕೊಂಡಾವು.