ಅಂಟು ಯಾರದು, ಶಿಕ್ಷೆ ಯಾರಿಗೆ?

ಮುಂಬಯಿಯ ಉಪನಗರವೊಂದರಲ್ಲಿರುವ ನಮ್ಮ ಸೊಸೈಟಿಯಲ್ಲಿ ಕಳೆದ ತಿಂಗಳು ಒಂದು ಮನವಿಪತ್ರ ಸಹಿಗಾಗಿ ಮನೆಯಿಂದ ಮನೆಗೆ ಸುತ್ತಿತು. ಆವರಣದ ಮೂಲೆಯ ಹಳೆಯ ಮಳೆಮರವನ್ನು, ಇಲ್ಲಿ ಎಲ್ಲರ ಬಾಯಲ್ಲಿ ರೇನ್ ಟ್ರೀ ಆಗಿರುವ ಮರವನ್ನು, ಕಡಿಸಲು ಮಹಾನಗರಪಾಲಿಕೆಯ ಅನುಮತಿ ಕೋರುವ ಪತ್ರವದು. ಕಾರಣವೆಂದು 'ರೋಗಗ್ರಸ್ತ ಹಾಗೂ ಅಪಾಯಕಾರಿ' ಎಂದು ಬರೆದಿದ್ದರು. ನಿಜವಾದ ಕಾರಣ ಪತ್ರ ಬರೆದವರಿಗೂ ಗೊತ್ತು, ಸಹಿ ಹಾಕಿದವರಿಗೂ ಗೊತ್ತು. ಮರದ ಕೆಳಗೆ ನಿವಾಸಿಯೊಬ್ಬರು ತಾವು ಹೊಸದಾಗಿ ಕೊಂಡ ಸಂಚಾರಿ ಮನೆಯನ್ನು, ಎಂದರೆ ಮಂಚ, ಒಲೆ, ಪುಟ್ಟ ಬಚ್ಚಲು ಎಲ್ಲವನ್ನೂ ಒಡಲಲ್ಲಿ ಇಟ್ಟುಕೊಂಡ ದೊಡ್ಡ ವ್ಯಾನನ್ನು ನಿಲ್ಲಿಸುತ್ತಾರೆ. ಅದರ ಬಿಳಿಯ ಬಣ್ಣದ ಮೇಲೂ ಪಕ್ಕಕ್ಕೆ ಬಿಚ್ಚಿಕೊಳ್ಳುವ ಬಟ್ಟೆಯ ಚಪ್ಪರದ ಮೇಲೂ ಅಂಟು ತೊಟ್ಟಿಕ್ಕಿ, ಒಣಗಿ, ಕರಿಯ ಕಲೆಗಳಾಗಿದ್ದವು. ಮರದ ಅಪಾಯ ಅಷ್ಟೇ.

ಇಂಥ ವಾಹನಗಳು ಈ ಊರಿಗೆ ಹೊಸವಲ್ಲ. ಚಿತ್ರನಗರಿಯ ಸುತ್ತ, ಅಂಧೇರಿ ಮತ್ತು ವರ್ಸೋವಾದ ಗಲ್ಲಿಗಳಲ್ಲಿ ನಟನಟಿಯರ ವ್ಯಾನಿಟಿ ವ್ಯಾನುಗಳು ಮರದ ನೆರಳು ಹುಡುಕಿ ನಿಲ್ಲುವುದನ್ನು ನಾವೆಲ್ಲ ಕಂಡಿದ್ದೇವೆ. ಮಹಾರಾಷ್ಟ್ರ ಸರಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮಕ್ಕಾಗಿ ನೀತಿಯನ್ನೇ ರೂಪಿಸಿತು. ಕಾಡು, ಕಡಲತೀರ, ಘಟ್ಟಗಳ ಮಡಿಲಲ್ಲಿ ರಾತ್ರಿ ಕಳೆಯಬೇಕೆಂಬ ಆಸೆಯಿಂದ ಜನ ಇವನ್ನು ಕೊಳ್ಳುತ್ತಾರೆ. ಪ್ರಕೃತಿಯ ಸಾಮೀಪ್ಯಕ್ಕಾಗಿ ಕೊಂಡ ವಾಹನದ ಮೇಲೆ ಪ್ರಕೃತಿಯ ಒಂದು ಹನಿ ಬಿದ್ದುದಕ್ಕೆ ಮರವನ್ನೇ ಕಡಿಸಹೊರಟಿರುವುದು ನನ್ನ ಮಟ್ಟಿಗೆ ವರ್ಷದ ದೊಡ್ಡ ವಿನೋದ. ಆದರೆ ನಗುವುದು ಕಷ್ಟ. ಸಹಿ ಹಾಕಿದವರಲ್ಲಿ ನಾಲ್ವರು ಕನ್ನಡಿಗರು. ಅವರಲ್ಲಿ ಇಬ್ಬರು ಸಾಹಿತ್ಯಗೋಷ್ಠಿಗಳಿಗೆ ತಪ್ಪದೆ ಬರುವವರು.

ಮೊದಲು ಅಂಟಿನ ವಿಚಾರ. ಮರದಿಂದ ಬೀಳುವುದೆಲ್ಲ ಮರದ್ದಲ್ಲ. ನಮ್ಮ ವ್ಯಾನಿನ ಮೇಲೆ ಬಿದ್ದದ್ದು ಮರದ ಸೊನೆಯೇ ಅಲ್ಲ. ಕೊಂಬೆಗಳಿಗೆ ಬಿಳಿಯ ಹಿಟ್ಟು ಮೆತ್ತಿದಂತೆ ಕಾಣುವ ಹಿಟ್ಟುತಿಗಣೆಗಳು ಮರದ ಆಹಾರರಸವನ್ನು ಹೀರುತ್ತವೆ. ಆ ರಸದಲ್ಲಿ ಸಕ್ಕರೆ ಹೆಚ್ಚು, ಅವುಗಳಿಗೆ ಬೇಕಾದ ಸಾರಜನಕ ಕಡಿಮೆ. ಆದ್ದರಿಂದ ಬೇಕಾದುದಕ್ಕಿಂತ ಬಹುಪಾಲು ಹೆಚ್ಚು ಹೀರಿ, ಉಳಿದ ಸಕ್ಕರೆನೀರನ್ನು ಹೊರಹಾಕುತ್ತವೆ. ಅದಕ್ಕೆ ಜೇನಿಬ್ಬನಿ ಎಂಬ ಚೆಂದದ ಹೆಸರಿದೆ. ವಸ್ತುತಃ ಅದು ಕೀಟದ ಮಲ. ಆ ಸಕ್ಕರೆಯ ಮೇಲೆ ಮಸಿಯಂಥ ಬೂಷ್ಟು ಬೆಳೆಯುತ್ತದೆ. ವ್ಯಾನಿನ ಮೇಲಿನ ಕರಿಯ ಕಲೆ ಅದೇ. ಹತ್ತೊಂಬತ್ತನೆಯ ಶತಮಾನದಲ್ಲಿ ರಿಚರ್ಡ್ ಸ್ಪ್ರೂಸ್ ಎಂಬ ಸಸ್ಯವಿಜ್ಞಾನಿ ಪೆರು ದೇಶದ ತಾರಾಪೊಟೊ ಸೀಮೆಯಲ್ಲಿ ಒಂದು ಮರದ ಕೆಳಗೆ ಶುಭ್ರ ಆಕಾಶದಿಂದ ತುಂತುರು ಬೀಳುವುದನ್ನು ಕಂಡು ತಲೆಯೆತ್ತಿ ನೋಡಿದ. ಕೊಂಬೆಗಳ ತುಂಬ ಜೀರುಂಡೆಗಳು ರಸ ಹೀರಿ ಹನಿ ಸಿಂಪಡಿಸುತ್ತಿದ್ದವು. ಅಲ್ಲಿನವರು ಅದನ್ನು ತಮ್ಮ ಮಾತಿನಲ್ಲಿ ಮಳೆಮರವೆಂದೇ ಕರೆಯುತ್ತಿದ್ದರು. ಆತ ತಲೆಯೆತ್ತಿ ನೋಡಿದ ಎಂಬುದನ್ನು ಮತ್ತೊಮ್ಮೆ ಬರೆಯಬೇಕೆನಿಸುತ್ತದೆ. ನಮ್ಮ ಸೊಸೈಟಿಯ ಸಮಿತಿಯವರು ಬಾನೆಟ್ಟನ್ನು ಮಾತ್ರ ನೋಡಿದರು.

ನಿಜವಾದ ಸೊನೆ ಹೇಗಿರುತ್ತದೆಂದು ಕರಾವಳಿ, ಮಲೆನಾಡುಗಳಿಂದ ಬಂದ ನಮಗೆ ಯಾರೂ ಕಲಿಸಬೇಕಾಗಿಲ್ಲ. ಹಲಸಿನ ಹಣ್ಣು ಹೆಚ್ಚುವ ಮೊದಲು ಅಂಗೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿಕೊಳ್ಳುತ್ತಿದ್ದ ಅಜ್ಜಿಯಂದಿರು ರಸಾಯನಶಾಸ್ತ್ರ ಓದಿದವರಲ್ಲ. ಮೇಣ ನೀರಿಗೆ ಸೋಲುವುದಿಲ್ಲ, ಎಣ್ಣೆಗೆ ಸೋಲುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಅದೇ ಅಂಗೈಗೆ ಬೆಲ್ಲದ ಪಾಕ ಅಂಟಿದರೆ ಅವರು ಎಣ್ಣೆ ಹುಡುಕುತ್ತಿರಲಿಲ್ಲ, ಬಿಸಿನೀರು ತರುತ್ತಿದ್ದರು. ಈ ಎರಡು ಅಂಟುಗಳ ಭೇದ ಮೂರು ತಲೆಮಾರುಗಳಲ್ಲಿ ಮರೆತುಹೋಯಿತೆ? ಕಲೆಯ ಮೇಲೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಹತ್ತು ನಿಮಿಷ ಹರಡಿಟ್ಟು ನೋಡಿ. ಕರಗಿದರೆ ಸಕ್ಕರೆ, ಮಿಸುಕದಿದ್ದರೆ ಮೇಣ. ನಮ್ಮ ವ್ಯಾನಿನ ಮಾಲೀಕರ ಅಪ್ಪಣೆ ಪಡೆದು ನಾನೇ ಈ ಪ್ರಯೋಗ ಮಾಡಿದೆ. ಒಂದು ಬಕೆಟ್ ನೀರು, ಸ್ವಲ್ಪ ಸೌಮ್ಯವಾದ ಶಾಂಪೂ, ಅರ್ಧ ಗಂಟೆ. ಬಾಗಿಲೊಂದು ಬೆಳ್ಳಗಾಯಿತು. ಹಟ ಹಿಡಿದ ನಾಲ್ಕಾರು ಬೊಟ್ಟುಗಳಿಗೆ ಔಷಧದಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲನ್ನು ಹತ್ತಿಗೆ ಸೋಕಿಸಿ, ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿ, ಆಮೇಲೆ ಒರೆಸಿದೆ.

ಬಣ್ಣ ಕೆಟ್ಟಿರಲಿಲ್ಲವೆ? ಕೆಟ್ಟಿತ್ತು, ಆದರೆ ಕೆಡಿಸಿದ್ದು ಮರವಲ್ಲ. ಒಣಗಿದ ಕಲೆಯನ್ನು ಯಾರೋ ಪಾತ್ರೆ ತಿಕ್ಕುವ ನಾರಿನಿಂದ ಉಜ್ಜಿದ್ದರು. ಬಣ್ಣದ ಮೇಲಿನ ಪಾರದರ್ಶಕ ಲೇಪ ಸಾಮಾನ್ಯವಾಗಿ 40–50 ಮೈಕ್ರಾನಿನಷ್ಟು, ತಲೆಗೂದಲಿಗಿಂತ ತೆಳು. ಅದರ ಮೇಲೆ ಧೂಳು ಸೇರಿಸಿ ಉಜ್ಜಿದರೆ ಗೀರುಗಳಾಗದೆ ಇನ್ನೇನಾಗುತ್ತದೆ? ಚಪ್ಪರದ ಗತಿ ಇನ್ನೂ ಕೆಟ್ಟದ್ದು. ಅಂಟು ಹೋಗಲೆಂದು ಅದಕ್ಕೆ ಪೆಟ್ರೋಲ್ ಹಾಕಿದ್ದರು. ಇಂಥ ಬಟ್ಟೆಗೆ ನೀರು ಇಳಿಯದಂತೆ ಕೊಟ್ಟಿರುವ ಲೇಪವನ್ನು ಪೆಟ್ರೋಲು, ಥಿನ್ನರುಗಳು ತಿಂದುಹಾಕುತ್ತವೆ. ಆಮೇಲೆ ಜುಲೈಯಲ್ಲಿ ಒದ್ದೆಯಿರುವಾಗಲೇ ಸುತ್ತಿಟ್ಟರು. ಮುಂಬಯಿಯ ಮಳೆಗಾಲದಲ್ಲಿ ಒದ್ದೆ ಬಟ್ಟೆಯನ್ನು ಸುತ್ತಿಟ್ಟರೆ ಬೂಷ್ಟು ಬರಲು ಮರ ಬೇಕಿಲ್ಲ. ಒಣ ಕುಂಚದಿಂದ ಕಸ ಉದುರಿಸಿ, ಉಗುರುಬೆಚ್ಚಗಿನ ಸಾಬೂನಿನ ನೀರಿನಲ್ಲಿ ಮೆದುವಾಗಿ ತೊಳೆದು, ಬಿಚ್ಚಿಟ್ಟು ಪೂರ್ತಿ ಒಣಗಿಸಿ ಸುತ್ತಿದ್ದರೆ ಈ ಲೇಖನವೇ ಹುಟ್ಟುತ್ತಿರಲಿಲ್ಲ. ಹಕ್ಕಿಯ ಹಿಕ್ಕೆ ಮಾತ್ರ ಬೇರೆ ಮಾತು. ಅದರ ಆಮ್ಲ ಬಿಸಿಲಿನಲ್ಲಿ ಲೇಪವನ್ನು ನಿಜಕ್ಕೂ ಕೊರೆಯುತ್ತದೆ, ಅಂದೇ ತೊಳೆಯಬೇಕು. ಅದಕ್ಕಾಗಿ ಕಾಗೆಗಳನ್ನು ಕಡಿಸಲು ಅರ್ಜಿ ಕೊಡುವ ವ್ಯವಸ್ಥೆ ಇನ್ನೂ ಬಂದಿಲ್ಲ.

ಈಗ ಪತ್ರದ ಆ ಎರಡು ಪದಗಳಿಗೆ ಬರುತ್ತೇನೆ. ಅವು ಅಲ್ಲಿ ಅಕಸ್ಮಾತ್ತಾಗಿ ಕುಳಿತಿಲ್ಲ. ಮಹಾರಾಷ್ಟ್ರದ ನಗರಪ್ರದೇಶಗಳ ವೃಕ್ಷ ಸಂರಕ್ಷಣೆಗೆ 1975ರ ಕಾಯಿದೆಯಿದೆ. ಖಾಸಗಿ ಆವರಣದ ಮರವಾದರೂ ವೃಕ್ಷ ಪ್ರಾಧಿಕಾರದ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಆದರೆ ಮರ ಸತ್ತಿದ್ದರೆ, ರೋಗಪೀಡಿತವಾಗಿದ್ದರೆ, ಜೀವಕ್ಕೋ ಆಸ್ತಿಗೋ ಅಪಾಯವಾಗಿದ್ದರೆ ಅನುಮತಿ ನಿರಾಕರಿಸಬಾರದೆಂಬ ಮಾತೂ ಅದೇ ಕಾಯಿದೆಯಲ್ಲಿದೆ. 'ನಮ್ಮ ವಾಹನ ಅಂಟಾಗುತ್ತದೆ' ಎಂದು ಬರೆದರೆ ಅರ್ಜಿ ಬಿದ್ದುಹೋಗುತ್ತದೆ. 'ರೋಗಗ್ರಸ್ತ, ಅಪಾಯಕಾರಿ' ಎಂದು ಬರೆದರೆ ಬಾಗಿಲು ತೆರೆಯುತ್ತದೆ. ಭಾಷೆಯನ್ನು ಪ್ರೀತಿಸುವ ನಾವು ಭಾಷೆಯ ಈ ದುರುಪಯೋಗಕ್ಕೆ ಸಹಿ ಹಾಕಿದ್ದೇವೆ ಎಂಬುದು ನನ್ನ ಮುಖ್ಯ ತಕರಾರು. ಮಳೆಗಾಲದಲ್ಲಿ ಈ ಊರಿನಲ್ಲಿ ಮರ ಬಿದ್ದು ಜನ ಸತ್ತಿದ್ದಾರೆ. ಆ ಸಾವುಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹಾಗೆ ಕಾಣದಿರುವುದರಿಂದಲೇ ಕಾರಿನ ಕಲೆಗೆ 'ಅಪಾಯ' ಎಂಬ ಪದವನ್ನು ಖರ್ಚುಮಾಡುವುದು ನನಗೆ ಅಶ್ಲೀಲವಾಗಿ ಕಾಣುತ್ತದೆ. ನಿಜಕ್ಕೂ ವಾಲಿದ ಮರದ ಕುರಿತು ನಾಳೆ ಯಾರಾದರೂ ಅದೇ ಪದ ಬರೆದಾಗ ಅಧಿಕಾರಿ ನಂಬುವುದು ಹೇಗೆ?

ಮರಕ್ಕೆ ರೋಗವಿದೆಯಲ್ಲ, ಪತ್ರದಲ್ಲಿ ಅರ್ಧ ಸತ್ಯವಿದೆಯಲ್ಲ ಎಂದು ಗೆಳೆಯರೊಬ್ಬರು ವಾದಿಸಿದರು. ಇದೆ. 2010ರ ದಶಕದಲ್ಲಿ ಮುಂಬಯಿಯ ಎಷ್ಟೋ ಮಳೆಮರಗಳು ಹಿಟ್ಟುತಿಗಣೆಯ ಹಾವಳಿಗೆ ಸಿಕ್ಕಿ ಎಲೆ ಕಳೆದುಕೊಂಡು ನಿಂತಲ್ಲೇ ಒಣಗಿದವು. ಆಗಲೇ ಬಲ್ಲವರು ಬುಡದ ಕಡೆಗೆ ಬೆರಳು ತೋರಿಸಿದ್ದರು. ಬುಡದವರೆಗೂ ಕಾಂಕ್ರೀಟು ಸುರಿದು, ಪೇವರ್ ಕಲ್ಲು ಹಾಸಿ, ಬೇರಿಗೆ ನೀರೂ ಗಾಳಿಯೂ ಸಿಗದಂತೆ ಮಾಡಿದರೆ ಮರ ಬಳಲುತ್ತದೆ. ಬಳಲಿದ ಮರದ ಮೇಲೆ ರಸ ಹೀರುವ ಕೀಟ ಹೆಚ್ಚುತ್ತದೆ. ಕೀಟ ಹೆಚ್ಚಿದಷ್ಟೂ ಅಂಟು ಸುರಿಯುತ್ತದೆ. ನಮ್ಮ ಮರದ ಬುಡಕ್ಕೆ ಕಾಂಕ್ರೀಟು ಬಂದದ್ದು ಯಾಕೆ? ವಾಹನ ನಿಲ್ಲಿಸಲು ಜಾಗ ಬೇಕಿತ್ತು. ವಾಹನಕ್ಕಾಗಿ ಮರದ ಉಸಿರು ಕಟ್ಟಿಸಿ, ಆ ಸಂಕಟದ ಹನಿ ವಾಹನದ ಮೇಲೆ ಬಿದ್ದಾಗ ವಾಹನವನ್ನೇ ಸಾಕ್ಷಿಯಾಗಿ ನಿಲ್ಲಿಸಿ ಮರಕ್ಕೆ ಶಿಕ್ಷೆ ಕೇಳುತ್ತಿದ್ದೇವೆ. ಮರಗಳ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟನ್ನು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದಿಲ್ಲಿಯ ಸಂಸ್ಥೆಗಳಿಗೆ 2013ರಲ್ಲೇ ಆದೇಶಿಸಿತ್ತು. ಒಂದು ಮೀಟರ್ ಎಂದರೆ ವ್ಯಾನನ್ನು ಕೊಂಚ ಆಚೆ ಸರಿಸುವಷ್ಟು ಜಾಗ.

ಹಿಟ್ಟುತಿಗಣೆಗೆ ಮದ್ದಿಲ್ಲವೆಂದೂ ಅಲ್ಲ. 1898ರಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ತರಿಸಿದ ಒಂದು ಪುಟ್ಟ ಗುಲಗಂಜಿ ಹುಳು ಹಿಟ್ಟುತಿಗಣೆಗಳನ್ನು ತಿಂದು ಬದುಕುತ್ತದೆ. ದಕ್ಷಿಣದ ಕಾಫಿ, ಹಣ್ಣಿನ ತೋಟಗಳಿಗೆ ಅದು ಹಳೆಯ ಪರಿಚಯ. ಪಪ್ಪಾಯಿಯ ಹಿಟ್ಟುತಿಗಣೆ ದೇಶವನ್ನು ಕಾಡಿದಾಗ ಬೆಂಗಳೂರಿನ ರಾಷ್ಟ್ರೀಯ ಕೃಷಿ ಪ್ರಮುಖ ಕೀಟಗಳ ಬ್ಯೂರೊ 2010ರಲ್ಲಿ ಪೋರ್ಟೊ ರಿಕೊದಿಂದ ಸಣ್ಣ ಕಣಜಗಳನ್ನು ತರಿಸಿ ಸಾಕಿ ಹೊಲಗಳಲ್ಲಿ ಬಿಟ್ಟಿತು, ಹಾವಳಿ ಇಳಿಯಿತು. ಇಷ್ಟು ದೂರ ಹೋಗುವುದೂ ಬೇಡ. ಬುಡ ಬಿಡಿಸಿ ಮಣ್ಣು ಸಡಿಲಿಸಿ ಗೊಬ್ಬರ ಕೊಟ್ಟು, ಕೈಗೆಟಕುವ ಕೊಂಬೆಗಳಿಗೆ ನೀರಿನ ಧಾರೆ ಹಾಯಿಸಿ, ಬೇವಿನೆಣ್ಣೆ ಸಿಂಪಡಿಸಿ, ಕಾಂಡವನ್ನೇರುವ ಇರುವೆಗಳನ್ನು ತಡೆದರೆ ಒಳ್ಳೆಯ ಆರಂಭ. ಇರುವೆಗಳು ಜೇನಿಬ್ಬನಿಗಾಗಿ ಈ ಕೀಟಗಳನ್ನು ದನ ಕಾಯ್ದಂತೆ ಕಾಯುತ್ತವೆ, ಶತ್ರುಗಳನ್ನು ಓಡಿಸುತ್ತವೆ. ಇದಕ್ಕೆಲ್ಲ ಆಗುವ ಖರ್ಚು ವ್ಯಾನಿನ ಚಪ್ಪರದ ಬೆಲೆಯ ಮುಂದೆ ಏನೂ ಅಲ್ಲ.

ಮಳೆಮರ ಪರದೇಶದ್ದು, ಕಡಿದರೆ ನಷ್ಟವಿಲ್ಲ ಎಂಬ ಇನ್ನೊಂದು ವಾದವನ್ನು ಸಭೆಯಲ್ಲಿ ಕನ್ನಡಿಗರೊಬ್ಬರೇ ಎತ್ತಿದರು. ಮಧ್ಯ ಮತ್ತು ದಕ್ಷಿಣ ಅಮೆರಿಕದಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಬಂದ ಮರ, ನಿಜ. ಬೇರೆ ಊರಿನಿಂದ ಬಂದು ಇಲ್ಲಿ ಬೇರುಬಿಟ್ಟು ನೆರಳು ಕೊಟ್ಟವರು ಪರಕೀಯರು, ತೆಗೆದುಹಾಕಬಹುದು ಎಂಬ ಮಾತನ್ನು ಮುಂಬಯಿ ಕನ್ನಡಿಗನ ಬಾಯಿಂದ ಕೇಳುವುದಕ್ಕಿಂತ ದೊಡ್ಡ ಮರೆವು ಇಲ್ಲ. ಅರುವತ್ತರ ದಶಕದಲ್ಲಿ ನಮ್ಮ ಉಡುಪಿ ಹೋಟೆಲುಗಳ ಗಾಜು ಒಡೆದದ್ದು ಇದೇ ತರ್ಕದಿಂದ. ಮಾಟುಂಗದ ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮ ಮುಗಿಸಿ ನಾವು ಹರಟುತ್ತ ನಡೆಯುವ ಬೀದಿಗಳ ತಂಪು ಯಾವ ಮರಗಳದ್ದೆಂದು ಅವರು ಒಮ್ಮೆಯಾದರೂ ನೋಡಬೇಕಿತ್ತು.

2019ರ ಅಕ್ಟೋಬರಿನಲ್ಲಿ ಆರೆಯ ಕಾಡಿನಲ್ಲಿ ರಾತ್ರೋರಾತ್ರಿ ಗರಗಸಗಳು ಕೆಲಸ ಶುರುಮಾಡಿ, ಸುಪ್ರೀಂ ಕೋರ್ಟು ತಡೆಯುವಷ್ಟರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರಗಳು ಉರುಳಿದಾಗ ನಮ್ಮಲ್ಲಿ ಕವಿತೆ ಬರೆಯದವರು ಯಾರು? 1983ರಲ್ಲಿ ಶಿರಸಿಯ ಸಲ್ಕಣಿಯಲ್ಲಿ ಜನ ಮರಗಳನ್ನು ಅಪ್ಪಿಕೊಂಡ ಕಥೆಯನ್ನು ಉತ್ತರ ಕನ್ನಡದ ಗೆಳೆಯರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಸಾಲುಮರದ ತಿಮ್ಮಕ್ಕನವರಿಗೆ 2019ರಲ್ಲಿ ಪದ್ಮಶ್ರೀ ಬಂದಾಗ ಅವರ ಚಿತ್ರವನ್ನು ನಾವೆಲ್ಲ ಹಂಚಿಕೊಂಡೆವು. ಅವರು ನೆಟ್ಟದ್ದು ಆಲದ ಸಸಿಗಳನ್ನು. ಎಲೆ ಮುರಿದರೆ ಹಾಲು ಸುರಿಸುವ, ಹಣ್ಣುದುರಿಸಿ ನೆಲ ಕೆಡಿಸುವ, ಹಕ್ಕಿಗಳನ್ನು ಕರೆದು ಹಿಕ್ಕೆ ಹಾಕಿಸುವ ಆಲ. ಅಂಥದೊಂದು ನಮ್ಮ ಸೊಸೈಟಿಯಲ್ಲಿದ್ದಿದ್ದರೆ ಈ ವೇಳೆಗೆ ಅದೂ 'ರೋಗಗ್ರಸ್ತ ಹಾಗೂ ಅಪಾಯಕಾರಿ' ಆಗಿರುತ್ತಿತ್ತು.

2021ರ ತಿದ್ದುಪಡಿಯ ಪ್ರಕಾರ ಐವತ್ತು ವರ್ಷ ದಾಟಿದ ಮರ ಪಾರಂಪರಿಕ ವೃಕ್ಷ. ನಮ್ಮ ಮರ ಕಟ್ಟಡಕ್ಕಿಂತ ಹಿರಿಯದು, ಕಟ್ಟಡಕ್ಕೆ ಐವತ್ತೆರಡು. ಕಡಿಯುವ ಮುನ್ನ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಮರದ ಮೇಲೆ ಕಾಣುವಂತೆ ನೋಟಿಸು ಅಂಟಿಸಬೇಕು, ಆಕ್ಷೇಪಣೆಗೆ ಅವಕಾಶವುಂಟು. ಮರಕ್ಕೆ ಇನ್ನೂ ನೋಟಿಸು ಅಂಟಿಲ್ಲ. ನನ್ನ ಆಕ್ಷೇಪಣೆಯ ಕರಡು ಸಿದ್ಧವಿದೆ. ಸಹಿ ಹಾಕಿದ ನಾಲ್ವರು ಕನ್ನಡಿಗರ ಮನೆಗೆ ಈ ಭಾನುವಾರ ಬೆಳಿಗ್ಗೆ ಅದನ್ನು ಹಿಡಿದುಕೊಂಡು ಹೋಗುತ್ತೇನೆ. ವ್ಯಾನಿನ ಉಳಿದ ಮೂರು ಬದಿಗಳು ಇನ್ನೂ ಕರ್ರಗಿವೆ, ಬಕೆಟ್ಟನ್ನೂ ತರುತ್ತೇನೆ.