ಮೂಲಂಗಿಯೂ ಮೂಲಗಾಮಿಯೂ

ರಾಜಕಾರಣದಲ್ಲಿ ಎದುರಾಳಿಯ ಬೇಡಿಕೆಗೆ ಉತ್ತರವು ಹೊಳೆಯದಿದ್ದಾಗ ಅವನಿಗೊಂದು ಹೆಸರನ್ನಿಡುವ ಪದ್ಧತಿಯು ಬಹು ಹಳೆಯದು. ಆ ಹೆಸರುಗಳಲ್ಲಿ ‘ರ್‍ಯಾಡಿಕಲ್’ ಎಂಬುದು ಅಗ್ರಗಣ್ಯವಾದುದು. ಅದನ್ನು ನಮ್ಮವರು ತೀವ್ರವಾದಿ, ಉಗ್ರಗಾಮಿ, ಮೂಲಗಾಮಿ ಎಂದು ನಾನಾ ಪ್ರಕಾರವಾಗಿ ಕನ್ನಡಿಸಿರುವರು. ಹೆಸರಿನ ಬೆನ್ನಹಿಂದೆಯೇ ವಿನೋದದ ವ್ಯಾಖ್ಯೆಗಳು ಹೊರಡುವವು, ಸಭೆಯು ನಗುವದು, ನಗೆಯ ಗದ್ದಲದಲ್ಲಿ ಬೇಡಿಕೆಯು ಮರೆತುಹೋಗುವದು. ನಗುವವರೊಡನೆ ನಾವೂ ನಗಬಲ್ಲೆವು. ಆದರೆ ನಕ್ಕ ಮೇಲೆ ಉತ್ತರವನ್ನು ಕೇಳದೆ ಬಿಡುವವರು ನಾವಲ್ಲ.

ಈ ಶಬ್ದದ ಜಾತಕವನ್ನು ಮೊದಲು ನೋಡೋಣ. ಲ್ಯಾಟಿನ್ ಭಾಷೆಯಲ್ಲಿ ‘ರ್‍ಯಾಡಿಕ್ಸ್’ ಎಂದರೆ ಬೇರು. ‘ರ್‍ಯಾಡಿಕಲ್’ ಹುಟ್ಟಿದ್ದು ಅದರಿಂದ. ಇಂಗ್ಲಿಷರು ಮೂಲಂಗಿಗೆ ಹೇಳುವ ‘ರ್‍ಯಾಡಿಶ್’ ಎಂಬ ಹೆಸರೂ ಅದರಿಂದಲೇ. ಸಂಸ್ಕೃತದಲ್ಲಿಯೂ ಮೂಲವೆಂದರೆ ಬೇರು, ಮೂಲಕವೆಂದರೆ ಮೂಲಂಗಿ. ಅದೇ ಮೂಲದಿಂದ ಮೂಲವ್ಯಾಧಿಯೂ ಬಂದಿರುವದು. ಕುರ್ಚಿಯಲ್ಲಿ ಬಹುಕಾಲ ಕುಳಿತವರಿಗೆ ಮೂಲಗಾಮಿಯ ಹೆಸರನ್ನು ಕೇಳಿದೊಡನೆ ಇವುಗಳಲ್ಲಿ ಯಾವದರ ನೆನಪಾಗುವದೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಫ್ರಾನ್ಸ್ ದೇಶದಲ್ಲಿ ೧೯೦೧ರಲ್ಲಿ ರ್‍ಯಾಡಿಕಲ್ ಎಂಬ ಹೆಸರಿನ ಪಕ್ಷವೇ ಸ್ಥಾಪಿತವಾಯಿತು. ಕೆಲವು ಕಾಲದಲ್ಲಿಯೇ ಅದು ಮಂತ್ರಿಪದವಿಗಳಲ್ಲಿ ಮೈಮರೆತು ನಡುದಾರಿಯ ಪಕ್ಷವಾಗಲು, ಅಲ್ಲಿಯ ವಿನೋದಗಾರರು ಅದನ್ನು ಕೆಂಪು ಮೂಲಂಗಿಗೆ ಹೋಲಿಸಿದರು: ಹೊರಗೆ ಕೆಂಪು, ಒಳಗೆ ಬಿಳಿ, ಇರುವದು ಮಾತ್ರ ಯಾವಾಗಲೂ ಬೆಣ್ಣೆಯ ತಟ್ಟೆಯ ಬದಿಗೆ! ಅಮೇರಿಕೆಯ ಅಧ್ಯಕ್ಷ ರೂಜ್ವೆಲ್ಟರು ೧೯೩೯ರ ಒಂದು ಆಕಾಶವಾಣಿಯ ಭಾಷಣದಲ್ಲಿ, ಮೂಲಗಾಮಿಯು ಎರಡೂ ಕಾಲುಗಳನ್ನು ಗಾಳಿಯಲ್ಲಿ ಭದ್ರವಾಗಿ ಊರಿದವನೆಂದು ನಗಿಸಿದರು. ಆದರೆ ಸಂಪ್ರದಾಯವಾದಿಯನ್ನೂ ಅವರು ಬಿಡಲಿಲ್ಲ. ಅವನಿಗೆ ಒಳ್ಳೆಯ ಕಾಲುಗಳೆರಡಿದ್ದರೂ ಮುಂದಕ್ಕೆ ನಡೆಯಲು ಕಲಿತಿಲ್ಲವೆಂದರು. ವೃದ್ಧರಿಗೆ ಪಿಂಚಣಿಯನ್ನು ಕೊಡುವ ಕಾಯದೆಯನ್ನು ೧೯೩೫ರಲ್ಲಿ ತಂದ ಈ ರೂಜ್ವೆಲ್ಟರನ್ನೇ ಅಲ್ಲಿಯ ಧನಿಕರು ಮೂಲಗಾಮಿಯೆಂದು ಬೈಯುತ್ತಿದ್ದರೆಂಬುದನ್ನು ಮರೆಯಲಾಗದು.

ಈ ಕೋಶಕ್ಕೆ ನಾವೂ ಕೆಲವು ಅರ್ಥಗಳನ್ನು ಕೂಡಿಸುವೆವು. ಜಮೀನುದಾರನ ಕೋಶದಲ್ಲಿ ಮೂಲಗಾಮಿಯೆಂದರೆ ಲೆಕ್ಕ ಕೇಳುವ ರೈತನು. ಗಿರಣಿಯ ಮಾಲಕನ ಕೋಶದಲ್ಲಿ, ಗಡಿಯಾರವನ್ನು ನೋಡುವ ಕೂಲಿಕಾರನು. ಅಧಿಕಾರಿಯ ಕೋಶದಲ್ಲಿ, ಅದೇ ಅರ್ಜಿಯನ್ನು ಎರಡನೆಯ ಸಲ ತರುವವನು. ಮನೆಯ ಹಿರಿಯರ ಕೋಶದಲ್ಲಿ, ‘ಏಕೆ?’ ಎಂದು ಕೇಳುವ ಸೊಸೆಯು. ಮುಂದಾಳುವಿನ ಕೋಶದಲ್ಲಿಯಾದರೋ, ಅವನು ಇಪ್ಪತ್ತು ವರುಷಗಳ ಹಿಂದೆ ಮಾಡಿದ ಭಾಷಣವನ್ನು ಅವನಿಗೇ ಓದಿ ತೋರಿಸುವವನು! ವಾಚಕರೇ, ಈ ವ್ಯಾಖ್ಯೆಗಳು ಚಿತ್ರಿಸುವದು ಯಾರನ್ನು? ಮೂಲಗಾಮಿಯನ್ನಲ್ಲ, ವ್ಯಾಖ್ಯೆ ಮಾಡುವವನನ್ನು. ಅವನ ಭಯವೆಲ್ಲಿರುವದೋ ಅಲ್ಲಿಯೇ ಅವನ ಹಾಸ್ಯವು ಹುಟ್ಟುವದು.

ಇತಿಹಾಸವು ಇದಕ್ಕೆ ಸಾಕ್ಷಿಯಾಗಿದೆ. ಇಂಗ್ಲೆಂಡಿನಲ್ಲಿ ಈ ಶಬ್ದವನ್ನು ರಾಜಕಾರಣಕ್ಕೆ ತಂದವರು ೧೭೯೭ರಲ್ಲಿ ‘ಮೂಲಗಾಮಿ ಸುಧಾರಣೆ’ಯನ್ನು ಕೇಳಿದ ಚಾರ್ಲ್ಸ್ ಜೇಮ್ಸ್ ಫಾಕ್ಸರೆಂದು ಸಾಮಾನ್ಯವಾಗಿ ಹೇಳುವರು. ೧೮೧೯ರ ಆಗಸ್ಟ್ ೧೬ರಂದು ಮ್ಯಾಂಚೆಸ್ಟರಿನ ಬಯಲಿನಲ್ಲಿ ಹೆಂಗಸರು ಮಕ್ಕಳು ಸಹಿತವಾಗಿ ಜನರು ಅದೇ ಸುಧಾರಣೆಗಾಗಿ ನೆರೆದರು. ಆ ದೊಡ್ಡ ಊರಿಗೆ ಆಗ ಪಾರ್ಲಿಮೆಂಟಿನಲ್ಲಿ ತನ್ನದೆನ್ನುವ ಒಬ್ಬ ಪ್ರತಿನಿಧಿಯೂ ಇರಲಿಲ್ಲ. ಸರಕಾರವು ಕುದುರೆಯ ದಂಡನ್ನು ನುಗ್ಗಿಸಿತು. ಹತ್ತಕ್ಕೂ ಹೆಚ್ಚು ಜನರು ಮಡಿದರು, ನೂರಾರು ಜನರು ಗಾಯಗೊಂಡರು. ೧೮೩೮ರಲ್ಲಿ ಚಾರ್ಟಿಸ್ಟರು ಆರು ಬೇಡಿಕೆಗಳನ್ನು ಮುಂದಿಟ್ಟರು. ೧೮೪೨ರ ಅವರ ಅರ್ಜಿಗೆ ಮೂವತ್ತು ಲಕ್ಷಕ್ಕೂ ಮಿಕ್ಕಿ ಸಹಿಗಳಿದ್ದವು. ಪಾರ್ಲಿಮೆಂಟು ಅದನ್ನು ತಳ್ಳಿಹಾಕಿತು. ಆದರೂ ಆಸ್ತಿಯಿಲ್ಲದವನು ಸದಸ್ಯನಾಗುವ ಹಕ್ಕು ೧೮೫೮ರಲ್ಲಿ ಬಂದಿತು. ಗುಪ್ತ ಮತದಾನವು ೧೮೭೨ರಲ್ಲಿ, ಸದಸ್ಯರಿಗೆ ವೇತನವು ೧೯೧೧ರಲ್ಲಿ, ಪ್ರಾಪ್ತವಯಸ್ಕರಾದ ಗಂಡಸರೆಲ್ಲರಿಗೂ ಮತವು ೧೯೧೮ರಲ್ಲಿ ಬಂದವು. ಆರರಲ್ಲಿ ಈಡೇರದೆ ಉಳಿದದ್ದು ವರುಷಕ್ಕೊಮ್ಮೆ ಚುನಾವಣೆಯೆಂಬ ಒಂದೇ ಬೇಡಿಕೆ. ಅಂದು ಹುಚ್ಚರ ಮಾತೆನಿಸಿದ್ದು ಇಂದು ಶಾಲೆಯ ಹುಡುಗರ ಪಾಠವಾಗಿದೆ.

ನಮ್ಮ ದೇಶದ ಕಥೆಯೂ ಇದಕ್ಕೆ ಹೊರತಲ್ಲ. ೧೯೦೭ರ ಜನವರಿಯಲ್ಲಿ ಲೋಕಮಾನ್ಯ ಟಿಳಕರು ಕಲಕತ್ತೆಯಲ್ಲಿ ಮಾತನಾಡುತ್ತ, ನಿನ್ನೆ ಉಗ್ರರೆನಿಸಿಕೊಂಡವರೇ ಇಂದು ಮಂದರಾಗಿರುವರು, ಇಂದಿನ ಉಗ್ರರೂ ನಾಳೆ ಮಂದರೆನಿಸುವರು ಎಂಬರ್ಥವಾಗಿ ನುಡಿದಿದ್ದರು. ಅದೇ ವರುಷದ ಡಿಸೆಂಬರಿನಲ್ಲಿ ಸೂರತಿನ ಕಾಂಗ್ರೆಸ್ಸಿನಲ್ಲಿ ಉಗ್ರರೂ ಮಂದರೂ ಕಾದಾಡಿ, ಹಾರಿಬಂದ ಜೋಡೊಂದು ಸುರೇಂದ್ರನಾಥ ಬ್ಯಾನರ್ಜಿಯವರಿಗೆ ತಾಗಿತು. ಆ ಸುರೇಂದ್ರನಾಥರು ಯಾರು? ೧೮೮೩ರಲ್ಲಿ ನ್ಯಾಯಾಲಯದ ನಿಂದೆಗಾಗಿ ಸರಕಾರವು ಸೆರೆಮನೆಗೆ ಕಳಿಸಿದವರು. ೧೯೨೧ರಲ್ಲಿ ಅದೇ ಸರಕಾರದಿಂದ ‘ಸರ್’ ಪದವಿಯನ್ನು ಪಡೆದವರು. ಕೈದಿಯಾದಾಗ ಉಗ್ರರು, ಜೋಡು ತಾಗಿದಾಗ ಮಂದರು! ಮನುಷ್ಯನು ನಿಂತಲ್ಲಿಯೇ ನಿಂತಿದ್ದರೂ ಕಾಲವು ಮುಂದೆ ಸಾಗಿ ಅವನ ಹೆಸರನ್ನು ಬದಲಿಸುವದು.

ಹಾಗಾದರೆ ಕೂಗಿದವರೆಲ್ಲರೂ ವಂದ್ಯರೇ? ಅಲ್ಲ. ನಿರಪರಾಧಿಗಳ ಮೇಲೆ ಬಾಂಬನ್ನೆಸೆಯುವವನಿಗೂ ಸಹಿ ಕೂಡಿಸಿ ಅರ್ಜಿಯನ್ನೊಯ್ಯುವವನಿಗೂ ಒಂದೇ ಹೆಸರನ್ನಿಡುವದು ಅಪ್ರಾಮಾಣಿಕತೆಯೆಂದೇ ನಾವು ಹೇಳುವದು. ಅವರಿಬ್ಬರ ನಡುವಿನ ಅಂತರವನ್ನು ಮರೆಯಿಸಿದವನು ಅರ್ಜಿಯವನಿಗೆ ಅನ್ಯಾಯವನ್ನೂ ಬಾಂಬಿನವನಿಗೆ ಉಪಕಾರವನ್ನೂ ಮಾಡುವನು. ನಮ್ಮ ತರುಣರಲ್ಲಿಯೂ ಕೆಲವರಿಗೆ ಮೂಲಗಾಮಿಯೆಂಬ ಬಿರುದೇ ಸಾಕಾಗಿದೆ. ಅವರು ವೇದಿಕೆಯ ಮೇಲೆ ಸಮುದ್ರವನ್ನು ಕುಡಿಯುವರು, ಊರ ಬಾವಿಯ ಹೂಳೆತ್ತಲು ಕರೆದರೆ ಕೈ ನೋಯುವದೆನ್ನುವರು. ಬೇರಿನ ಹೆಸರನ್ನು ಹೇಳುವವರು ಕೈಯನ್ನು ಮಣ್ಣುಮಾಡಿಕೊಳ್ಳಲೇಬೇಕು. ಇಲ್ಲವಾದರೆ ಫ್ರೆಂಚರ ಮೂಲಂಗಿಗೂ ಇವರಿಗೂ ಭೇದವೇನು?

ಗಿಡದ ಬೇರಿಗೆ ಹುಳ ಹತ್ತಿರುವಾಗ ಎಲೆಗಳ ಧೂಳನ್ನು ಒರೆಸುತ್ತ ಕುಳಿತವನು ವಿವೇಕಿಯೆನಿಸುವನು. ಬೇರನ್ನು ಅಗಿದು ನೋಡೋಣವೆಂದವನು ತಲೆಕೆಟ್ಟವನೆನಿಸುವನು. ಲೋಕವು ನಗುವಷ್ಟು ನಗಲಿ. ಮೂಲಗಾಮಿಯೆಂದು ಯಾರನ್ನಾದರೂ ಹಂಗಿಸುವದನ್ನು ಕೇಳಿದಾಗ ವಾಚಕರು ಒಂದೇ ಪ್ರಶ್ನೆಯನ್ನು ಕೇಳಬೇಕೆಂದು ನಾವು ಬೇಡುವೆವು: ‘ಅವನ ಹೆಸರು ತಿಳಿಯಿತು, ಅವನು ಕೇಳಿದ್ದಕ್ಕೆ ನಿಮ್ಮ ಉತ್ತರವೇನು?’